ಅಕ್ಕಿಯ ಡಬ್ಬ, ತುಂಗಭದ್ರೆಯ ಡ್ಯಾಮು ಮತ್ತು ಧಾರವಾಡದ ಒಂದು ಲೆಕ್ಕ

ಸಹೋದರಿಯರೇ, ಈ ಲೇಖನ ಓದಲು ಕುಳಿತುಕೊಳ್ಳುವ ಮುನ್ನ ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬವನ್ನು ಒಮ್ಮೆ ತೆರೆದು ನೋಡಿ. ಎಷ್ಟು ಅಕ್ಕಿ ಇದೆ? ಮುಂದಿನ ಸಂಬಳ ಅಥವಾ ಕೂಲಿ ಕೈಗೆ ಬರುವವರೆಗೆ ಸಾಕಾದೀತೇ? ನಡುವೆ ನಾಲ್ಕು ಮಂದಿ ನೆಂಟರು ಬಂದರೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಿಮಗೆ ಕಾಗದ, ಪೆನ್ನು ಬೇಕಾಗಿಲ್ಲ. ಡಬ್ಬದೊಳಗೆ ಕೈ ಇಳಿಸಿದಾಗ ಅಕ್ಕಿ ಮೊಣಕೈ ಮುಟ್ಟಿತೋ ಬೆರಳ ತುದಿ ಮುಟ್ಟಿತೋ ಎಂಬುದರಿಂದಲೇ ನೀವು ತೀರ್ಮಾನಿಸುತ್ತೀರಿ. ನಮ್ಮ ಅಮ್ಮಂದಿರು ಅನ್ನಕ್ಕೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದುದೂ ಇದೇ ತೀರ್ಮಾನದ ಒಂದು ಭಾಗವಾಗಿತ್ತು.

ಇದೇ ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಕೇಳಿ, ಅದಕ್ಕೆ ಉತ್ತರ ಹುಡುಕುತ್ತಾ ತಮ್ಮ ಜೀವಮಾನವನ್ನೇ ಕಳೆದವರಿದ್ದಾರೆ. ಅವರಲ್ಲೊಬ್ಬರು ನಮ್ಮ ಧಾರವಾಡದಲ್ಲಿ ಪಾಠ ಹೇಳುತ್ತಿದ್ದರು. ಅವರ ಕತೆ ಹೇಳುವ ಮುನ್ನ ಅಕ್ಕಿಯ ಡಬ್ಬಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಡಬ್ಬದ ಬಳಿಗೆ ಹೋಗೋಣ.

ದೇಶನೂರಿನಿಂದ ಕಂಡಂತೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಎಂದೊಡನೆ ಭತ್ತ ನೆನಪಾಗುತ್ತದೆ. ಅದೇ ತಾಲೂಕಿನ ದೇಶನೂರು ತುಂಗಭದ್ರೆಯ ನೀರನ್ನು ನೂರಾರು ವರ್ಷಗಳಿಂದ ಬಲ್ಲ ಊರು. ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ರಾಯ, ಬಸವಣ್ಣ, ತುರ್ತಾ, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜೊತೆಗೆ ದೇಶನೂರಿನ ಹೆಸರಿನಲ್ಲೂ ಒಂದು ಕಾಲುವೆ ಇದೆ. ಆಮೇಲೆ, 1953ರಲ್ಲಿ ಹೊಸಪೇಟೆ ಬಳಿಯ ದೊಡ್ಡ ಅಣೆಕಟ್ಟೆಯಿಂದ ನೀರು ಹರಿಯತೊಡಗಿದ ನಂತರ, ಈ ಸೀಮೆಯ ಬದುಕು ಇನ್ನಷ್ಟು ಬಿಗಿಯಾಗಿ ನೀರಿಗೆ ಕಟ್ಟಿಕೊಂಡಿತು. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ ಎಂಬುದು ಇಲ್ಲಿ ಚಹಾದಂಗಡಿಯ ಮಾತು ಮಾತ್ರವಲ್ಲ, ಅಡುಗೆಮನೆಯ ಮಾತೂ ಹೌದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಅದರ ಅರ್ಥ ತಿಳಿಯದ ಅಜ್ಜಿಗೂ, ಸಂಖ್ಯೆ ಏರಿದರೆ ಎರಡನೇ ಬೆಳೆ ಉಂಟು, ಇಳಿದರೆ ಇಲ್ಲ ಎಂಬುದು ಗೊತ್ತು.

ಎರಡನೇ ಬೆಳೆ ಇಲ್ಲವೆಂದರೆ ಏನೆಂದು ಈ ಸೀಮೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಟಿಯ ಕೂಲಿ ಇಲ್ಲ, ಕಳೆಯ ಕೂಲಿ ಇಲ್ಲ. ಗದ್ದೆ ಗುತ್ತಿಗೆ ಹಿಡಿದವರು ಮುಂಗಡ ಕೊಟ್ಟಾಗಿರುತ್ತದೆ. ಮಗಳ ಮದುವೆಗೆ ಮಾಡಿಸಿದ ಒಡವೆ ಬ್ಯಾಂಕಿಗೆ ಹೋಗುತ್ತದೆ.

ಇತ್ತೀಚಿನ ಮೂರು ವರ್ಷಗಳನ್ನೇ ನೋಡಿ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯಕ್ಕೇ ಬರ ಬಂತು. 2024ರಲ್ಲಿ ಡ್ಯಾಮು ತುಂಬಿ ಎಲ್ಲರೂ ನೆಮ್ಮದಿಯಲ್ಲಿದ್ದಾಗ, ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಕೂರಿಸಿದರು. ಪುಣ್ಯಕ್ಕೆ ಮಳೆ ಮುಂದುವರಿದು ಜಲಾಶಯ ಮತ್ತೆ ತುಂಬಿತು. 2025ರಲ್ಲಿ ಮಳೆಗೇನೂ ಕೊರತೆ ಇರಲಿಲ್ಲ, ಆದರೆ ಹಳೆಯ ಗೇಟುಗಳ ಮೇಲೆ ಭಾರ ಬೀಳಬಾರದೆಂದು 80 ಟಿಎಂಸಿಗೆ ಮಿತಿ ಹಾಕಿದರು. ಗೇಟು ಬದಲಿಸಬೇಕಾದ್ದರಿಂದ ಆ ಸಾಲಿನ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಒಂದು ವರ್ಷ ಬರುವ ನೀರಿನದ್ದೇ ತೊಂದರೆ, ಇನ್ನೊಂದು ವರ್ಷ ಬಾಗಿಲಿನ ತೊಂದರೆ, ಮತ್ತೊಂದು ವರ್ಷ ಪಾತ್ರೆಯ ಅಳತೆಯ ತೊಂದರೆ.

ಹೀಗೆ ಬರುವುದು ನಮ್ಮ ಕೈಯಲ್ಲಿಲ್ಲದಿರುವಾಗ, ಎಷ್ಟು ದೊಡ್ಡ ಪಾತ್ರೆ ಇಟ್ಟುಕೊಂಡರೆ ಎಷ್ಟು ಸಲ ಖಾಲಿಯಾದೀತು? ಎಷ್ಟು ಸಲ ತುಂಬಿ ಚೆಲ್ಲೀತು? ಇದನ್ನು ಲೆಕ್ಕ ಹಾಕಲು ಸಾಧ್ಯವೇ? ಸಾಧ್ಯ.

ಧಾರವಾಡದ ಮೇಷ್ಟ್ರು

ನರಹರಿ ಉಮಾನಾಥ ಪ್ರಭು ಅವರು 1924ರಲ್ಲಿ ಕಲ್ಲಿಕೋಟೆಯಲ್ಲಿ ಹುಟ್ಟಿದರು. ಮದ್ರಾಸು, ಬೊಂಬಾಯಿಗಳಲ್ಲಿ ಓದಿ, ಗುವಾಹಟಿಯಲ್ಲಿ ಎರಡು ವರ್ಷ ಪಾಠ ಮಾಡಿ, 1952ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದರು. ವಿಶ್ವವಿದ್ಯಾಲಯವೇ ಆಗ ಎಳೆಯ ಕೂಸು. ಅಲ್ಲಿ ಸಂಖ್ಯಾಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸುತ್ತಾ 1961ರವರೆಗೆ ಇದ್ದರು. ನಡುವೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ 1957ರಲ್ಲಿ ಒಂದು ಪದವಿ ಪಡೆದು ಬಂದರು.

ಆ ಕಾಲಕ್ಕೆ ಆಸ್ಟ್ರೇಲಿಯಾದ ಮೋರಾನ್ ಎಂಬ ಗಣಿತಜ್ಞರು ಅಣೆಕಟ್ಟುಗಳ ಬಗ್ಗೆ ಹೊಸ ರೀತಿಯ ಲೆಕ್ಕವೊಂದನ್ನು 1954ರಲ್ಲಿ ಮುಂದಿಟ್ಟಿದ್ದರು. ನದಿಯಿಂದ ಬರುವ ನೀರು ವರ್ಷದಿಂದ ವರ್ಷಕ್ಕೆ ಬೇರೆ. ಬಿಡಬೇಕಾದ ನೀರು ಮಾತ್ರ ನಿಗದಿ. ಹಾಗಾದರೆ ಡ್ಯಾಮಿನಲ್ಲಿ ಉಳಿಯುವ ನೀರಿನ ಬಗ್ಗೆ ಏನು ಹೇಳಬಹುದು? ಡ್ಯಾಮಿಗೆ ಮೇಲ್ಮಿತಿಯೇ ಇಲ್ಲವೆಂದು ಭಾವಿಸಿದರೆ ಲೆಕ್ಕ ಸ್ವಲ್ಪ ಸುಲಭ. ಆದರೆ ಮೇಲ್ಮಿತಿ ಇಲ್ಲದ ಡ್ಯಾಮು ಎಲ್ಲಿದೆ? ಅಂಚು ಬಂದ ಕೂಡಲೇ ನೀರು ಚೆಲ್ಲುತ್ತದೆ, ಲೆಕ್ಕವೂ ಅಲ್ಲಿಯೇ ಎಡವುತ್ತದೆ. ಮಿತಿಯುಳ್ಳ ಡ್ಯಾಮಿನ ಬಗ್ಗೆ ಕೆಲವು ನಿಖರ ಉತ್ತರಗಳನ್ನು ಕೊಡುವ ಪ್ರಭು ಅವರ ಪ್ರಬಂಧ 1958ರಲ್ಲಿ ಅಮೆರಿಕದ ಪ್ರಸಿದ್ಧ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ತುಂಗಭದ್ರೆಯಿಂದ ಕಾಲುವೆಗೆ ನೀರು ಬಿಟ್ಟು ಆಗ ಐದೇ ವರ್ಷ. ಅವರು ಆ ಡ್ಯಾಮನ್ನು ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ಅವರ ಪ್ರಬಂಧದಲ್ಲಿ ಇರುವುದು ಸೂತ್ರಗಳು, ಊರಿನ ಹೆಸರುಗಳಲ್ಲ.

ಈ ವಿದ್ಯೆಗೆ ಸಂಭವನೀಯತೆ ಎಂದು ಹೆಸರು. ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ನಿಮ್ಮ ಮಕ್ಕಳು ಓದುವ ಪಾಠ ಅದೇ. ಸಮಯ ಸಾಗಿದಂತೆ ಆಕಸ್ಮಿಕಗಳಿಗೆ ಒಳಗಾಗಿ ಏರಿಳಿಯುತ್ತಾ ಹೋಗುವ ಸಂಗತಿಗಳಿಗೆ ಯಾದೃಚ್ಛಿಕ ಪ್ರಕ್ರಿಯೆಗಳು ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ನಿಮ್ಮ ಅಕ್ಕಿಯ ಡಬ್ಬದ್ದೇ.

"ನಾಣ್ಯ ಚಿಮ್ಮುವುದು, ದಾಳ ಎಸೆಯುವುದು, ಇದೆಲ್ಲ ಜೂಜಿನ ವಿದ್ಯೆಯಲ್ಲವೇ?" ಎಂದು ಕೆಲವು ಹಿರಿಯರು ಕೇಳುವುದುಂಟು. ಹೌದು, 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫೆರ್ಮಾ ಪತ್ರಗಳ ಮೂಲಕ ಚರ್ಚಿಸಿದ್ದು ಜೂಜಿನ ಹಣ ಹಂಚುವ ಪ್ರಶ್ನೆಯನ್ನೇ. ಆದರೆ ಅದಕ್ಕೂ ಸುಮಾರು ಎಂಟು ಶತಮಾನ ಮೊದಲು ಬಾಗ್ದಾದಿನ ಅಲ್ ಕಿಂದಿ, ಬರಹವೊಂದರಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಗುಪ್ತಲಿಪಿಯನ್ನು ಬಿಡಿಸುವ ಕ್ರಮವನ್ನು ಬರೆದಿಟ್ಟಿದ್ದರು. ರಷ್ಯಾದ ಮಾರ್ಕೋವ್ ಕೂಡ 1913ರಲ್ಲಿ ಪುಷ್ಕಿನ್ ಕಾವ್ಯದ 20,000 ಅಕ್ಷರಗಳನ್ನು ಎಣಿಸಿಯೇ ತಮ್ಮ ಸಿದ್ಧಾಂತವನ್ನು ತೋರಿಸಿಕೊಟ್ಟರು. ಮುಂದೇನಾಗುತ್ತದೆಂದು ಅಂದಾಜಿಸಲು ಹಿಂದಿನ ಇಡೀ ಚರಿತ್ರೆ ಬೇಕಾಗಿಲ್ಲ, ಇಂದಿನ ಸ್ಥಿತಿ ತಿಳಿದರೆ ಸಾಕು ಎನ್ನುವ ಪ್ರಕ್ರಿಯೆಗಳಿಗೆ ಅವರದೇ ಹೆಸರಿದೆ. ಡಬ್ಬದಲ್ಲಿ ಕಳೆದ ರಮಝಾನಿನಲ್ಲಿ ಎಷ್ಟಿತ್ತು ಎಂಬುದರಿಂದ ಏನಾಗಬೇಕು? ಇಂದು ಎಷ್ಟಿದೆ, ಮುಂದೆ ಎಷ್ಟು ಬರಬಹುದು, ಇಷ್ಟು ತಿಳಿದರಾಯಿತು.

ಒಂದು ನಾಣ್ಯ, ಐದು ಚೀಲ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಗಣಿತವೆಂದು ಪುಟ ತಿರುಗಿಸಬೇಡಿ, ಕೂಡಿಸುವುದು ಕಳೆಯುವುದು ಬಂದರೆ ಸಾಕು.

ಒಂದು ಮನೆಗೆ ತಿಂಗಳಿಗೆ ಒಂದು ಚೀಲ ಅಕ್ಕಿ ಬೇಕು. ಮನೆಯವನ ಸಂಪಾದನೆ ನಿಶ್ಚಿತವಲ್ಲ. ಕೆಲಸ ಸಿಕ್ಕ ತಿಂಗಳು ಎರಡು ಚೀಲ ತರುತ್ತಾನೆ, ಸಿಗದ ತಿಂಗಳು ಬರಿಗೈ. ಎರಡಕ್ಕೂ ಸಮಾನ ಅವಕಾಶ, ನಾಣ್ಯ ಚಿಮ್ಮಿದ ಹಾಗೆ. ಸರಾಸರಿ ತೆಗೆದರೆ ತಿಂಗಳಿಗೆ ಒಂದು ಚೀಲ ಬರುತ್ತದೆ, ಒಂದು ಚೀಲ ಖರ್ಚಾಗುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಆದರೆ ಮನೆಯಲ್ಲಿ ಒಂದೇ ಚೀಲ ಹಿಡಿಯುವ ಡಬ್ಬ ಇದೆಯೆಂದಿಟ್ಟುಕೊಳ್ಳಿ. ಎರಡು ಚೀಲ ಬಂದಾಗ ಒಂದನ್ನು ಇಡಲು ಜಾಗವಿಲ್ಲ, ಕೊಟ್ಟುಬಿಡಬೇಕು. ಬರಿಗೈಯಲ್ಲಿ ಬಂದ ತಿಂಗಳು ಉಳಿಕೆ ಏನೂ ಇಲ್ಲ. ಆ ಮನೆ ಎರಡು ತಿಂಗಳಿಗೆ ಒಂದು ತಿಂಗಳಂತೆ ಉಪವಾಸ. ನೆನಪಿಡಿ, ಸರಾಸರಿ ಬರುವುದು ಸಾಕಷ್ಟೇ ಇದೆ!

ಈಗ ಐದು ಚೀಲದ ಡಬ್ಬ ತನ್ನಿ. ತಿಂಗಳ ಕೊನೆಗೆ ಅದರಲ್ಲಿ ಉಳಿಯುವುದು ಸೊನ್ನೆ, ಒಂದು, ಎರಡು, ಮೂರು ಅಥವಾ ನಾಲ್ಕು ಚೀಲ. ಒಟ್ಟು ಐದು ಸ್ಥಿತಿ. ಏರುವ ಮತ್ತು ಇಳಿಯುವ ಅವಕಾಶ ಸಮಾನವಾಗಿರುವುದರಿಂದ, ಬಹಳ ಕಾಲ ನೋಡುತ್ತಾ ಹೋದರೆ ಐದೂ ಸ್ಥಿತಿಗಳಲ್ಲಿ ಡಬ್ಬ ಸಮಾನ ಕಾಲ ಇರುತ್ತದೆ. ಅಂದರೆ ಐದು ತಿಂಗಳಿಗೊಮ್ಮೆ ತಿಂಗಳ ಕೊನೆಗೆ ಡಬ್ಬ ಖಾಲಿ. ಹಾಗೆ ಖಾಲಿಯಾದಾಗಲೆಲ್ಲ ಮನೆ ಉಪವಾಸ ಬೀಳುವುದಿಲ್ಲ. ಮುಂದಿನ ತಿಂಗಳೂ ಬರಿಗೈ ಆದರೆ ಮಾತ್ರ. ಅದರ ಅವಕಾಶ ಅರ್ಧ. ಹಾಗಾಗಿ ಉಪವಾಸ ಹತ್ತು ತಿಂಗಳಿಗೆ ಒಂದು ಸಲ. ಡಬ್ಬ ನಾಲ್ಕು ಚೀಲದ್ದಾದರೆ ಎಂಟಕ್ಕೆ ಒಂದು. ಮೂರರದ್ದಾದರೆ ಆರಕ್ಕೆ ಒಂದು, ಎರಡರದ್ದಾದರೆ ನಾಲ್ಕಕ್ಕೆ ಒಂದು.

ಈ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಒಂದು ಚೀಲದ ಡಬ್ಬವನ್ನು ಎರಡು ಮಾಡಿದಾಗ ಉಪವಾಸ ಅರ್ಧಕ್ಕೆ ಇಳಿಯಿತು. ನಾಲ್ಕನ್ನು ಐದು ಮಾಡಿದಾಗ ಸಿಕ್ಕ ಲಾಭ ಬಹಳ ಕಡಿಮೆ. ಏನೂ ಇಲ್ಲದ ಮನೆಯಲ್ಲಿ ಒಂದು ತಿಂಗಳ ಉಳಿಕೆ ಮಾಡುವಷ್ಟು ಉಪಕಾರ, ನಾಲ್ಕು ತಿಂಗಳ ಉಳಿಕೆ ಇರುವ ಮನೆಯಲ್ಲಿ ಮತ್ತೊಂದು ತಿಂಗಳಿನದ್ದು ಮಾಡುವುದಿಲ್ಲ. ಆ ಹಿಡಿ ಅಕ್ಕಿಯ ಮಡಕೆ ಬಡವರ ಮನೆಯಲ್ಲೇ ಹೆಚ್ಚು ಕಂಡುಬರುತ್ತಿದ್ದುದು ಸುಮ್ಮನೆ ಅಲ್ಲವೆಂದು ನನಗೆ ಅನಿಸುತ್ತದೆ.

ಇನ್ನೊಂದು ವಿಚಿತ್ರವೂ ಇದೆ. ಐದು ಚೀಲದ ಡಬ್ಬ ಹತ್ತು ತಿಂಗಳಿಗೊಮ್ಮೆ ಬರಿದಾಗುತ್ತದೆ ಎಂದೆವಲ್ಲ, ಅದೇ ಡಬ್ಬ ಹತ್ತು ತಿಂಗಳಿಗೊಮ್ಮೆ ತುಂಬಿ ಚೆಲ್ಲುತ್ತದೆ ಕೂಡ. ನಾಲ್ಕು ಉಳಿದಿರುವಾಗ ಎರಡು ಬಂದರೆ ಆರಾಯಿತು, ಐದೇ ಹಿಡಿಯುವುದು. ಚೆಲ್ಲಿದ ಪ್ರತಿಯೊಂದು ಚೀಲಕ್ಕೂ ಮುಂದೆಂದೋ ಒಂದು ಉಪವಾಸದ ತಿಂಗಳು. ತುಂಗಭದ್ರೆಯ ಗೇಟು ತೆರೆದು ನದಿಗೆ ನೀರು ಬಿಟ್ಟ ಚಿತ್ರವನ್ನು ಒಂದು ವರ್ಷ ಪತ್ರಿಕೆಯಲ್ಲಿ ನೋಡಿ, ಇನ್ನೊಂದು ವರ್ಷ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲವೆಂಬ ಸುದ್ದಿ ಓದಿದಾಗ "ಎಂಥ ಅವ್ಯವಸ್ಥೆ!" ಎಂದು ನಾವು ಬೈಯುತ್ತೇವೆ. ಅವ್ಯವಸ್ಥೆ ಇರಬಹುದು. ಆದರೆ ಸ್ವಲ್ಪವೂ ಅವ್ಯವಸ್ಥೆ ಇಲ್ಲದ ನಮ್ಮ ಡಬ್ಬದಲ್ಲೂ ಅದೇ ಆಯಿತಲ್ಲ.

ಹೂಳು ಎಂಬ ಕಳ್ಳ

ತುಂಗಭದ್ರಾ ಜಲಾಶಯ ಮೊದಲು ಹಿಡಿಯುತ್ತಿದ್ದುದು ಸುಮಾರು 133 ಟಿಎಂಸಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಅಂದರೆ ಐದರಲ್ಲಿ ಒಂದು ಪಾಲು ಹೋಯಿತು. ನಮ್ಮ ಐದು ಚೀಲದ ಡಬ್ಬ ಸದ್ದಿಲ್ಲದೆ ನಾಲ್ಕು ಚೀಲದ್ದಾದ ಹಾಗೆ. ನಿಜವಾದ ಜಲಾಶಯಕ್ಕೆ ನಮ್ಮ ನಾಣ್ಯದ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ಆವಿಯಾಗುವ ನೀರಿದೆ, ಮೂರು ರಾಜ್ಯಗಳ ಪಾಲಿದೆ, ಮಳೆ ನಾಣ್ಯದಂತೆ ಎರಡೇ ಮುಖದ್ದಲ್ಲ. ಆದರೂ ದಾರಿ ಒಂದೇ: ಪಾತ್ರೆ ಚಿಕ್ಕದಾದರೆ, ಒಂದು ಹನಿ ಮಳೆಯೂ ಕಡಿಮೆಯಾಗದಿದ್ದರೂ, ಬರಿದಾಗುವ ವರ್ಷಗಳೂ ಹೆಚ್ಚುತ್ತವೆ, ಚೆಲ್ಲುವ ವರ್ಷಗಳೂ ಹೆಚ್ಚುತ್ತವೆ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟಿ, ಹೂಳಿನಿಂದ ಕಳೆದುಹೋದ ಜಾಗವನ್ನು ತುಂಬಿಕೊಳ್ಳಬೇಕೆಂಬ ಪ್ರಸ್ತಾಪ ವರ್ಷಗಳಿಂದ ಇರುವುದು ಇದಕ್ಕಾಗಿಯೇ.

ಅದೇ ಸೂತ್ರ, ಸರದಿಯ ಸಾಲಿಗೆ

ಪ್ರಭು ಅವರ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಭಾಗ. ಡ್ಯಾಮಿನ ಲೆಕ್ಕಕ್ಕೂ ಆಸ್ಪತ್ರೆಯ ಮುಂದಿನ ಸಾಲಿಗೂ ಏನು ಸಂಬಂಧ? ವೈದ್ಯರ ಮುಂದೆ ಬಾಕಿ ಉಳಿದಿರುವ ಕೆಲಸವೇ ಜಲಾಶಯದ ನೀರು ಎಂದುಕೊಳ್ಳಿ. ಹೊಸ ರೋಗಿ ಬಂದಾಗ ನೀರು ಏರುತ್ತದೆ, ವೈದ್ಯರು ನೋಡುತ್ತಾ ಹೋದಂತೆ ಇಳಿಯುತ್ತದೆ. ರೋಗಿಗಳು ಬರುವುದು ಮಳೆಯಂತೆ, ಒಮ್ಮೆ ಹತ್ತು ಮಂದಿ ಒಟ್ಟಿಗೆ, ಒಮ್ಮೆ ಯಾರೂ ಇಲ್ಲ. ಎರಡಕ್ಕೂ ಸಮೀಕರಣ ಹೆಚ್ಚುಕಡಿಮೆ ಒಂದೇ. ಸಾಲುಗಳ ಲೆಕ್ಕವನ್ನು ಆರಂಭಿಸಿದವರು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ ನಗರದ ಟೆಲಿಫೋನ್ ಕರೆಗಳ ಬಗ್ಗೆ ಅವರು 1909ರಲ್ಲಿ ಬರೆದರು. ಪ್ರಭು ಅವರು 1965ರಲ್ಲಿ ಸಾಲುಗಳನ್ನೂ ದಾಸ್ತಾನನ್ನೂ ಸೇರಿಸಿ ಒಂದು ಪುಸ್ತಕ ಬರೆದರು. 1980ರ ಪುಸ್ತಕದಲ್ಲಿ ಸಾಲು, ವಿಮೆ, ಅಣೆಕಟ್ಟು ಮೂರನ್ನೂ ಒಂದೇ ಸಿದ್ಧಾಂತದ ಕೆಳಗೆ ತಂದರು.

ಸಾಲಿನ ಲೆಕ್ಕ ಹೇಳುವ ಒಂದು ಸಂಗತಿಯನ್ನು ನೀವು ಖಂಡಿತ ಅನುಭವಿಸಿದ್ದೀರಿ. ಒಬ್ಬ ರೋಗಿಗೆ ಸರಾಸರಿ 10 ನಿಮಿಷ ಬೇಕು, ಬರುವವರೂ ನೋಡಲು ಹಿಡಿಯುವ ಸಮಯವೂ ಆಕಸ್ಮಿಕ ಎಂದಿಟ್ಟುಕೊಳ್ಳಿ. ವೈದ್ಯರ ಸಮಯದ ಅರ್ಧಭಾಗ ಮಾತ್ರ ತುಂಬಿದ್ದರೆ ನೀವು ಕಾಯಬೇಕಾದ್ದು ಸರಾಸರಿ 10 ನಿಮಿಷ. ನೂರಕ್ಕೆ 80 ಭಾಗ ತುಂಬಿದರೆ 40 ನಿಮಿಷ. 90 ಆದರೆ ಒಂದೂವರೆ ಗಂಟೆ. 95 ಆದರೆ ಮೂರು ಗಂಟೆ ದಾಟುತ್ತದೆ! ಎಂಬತ್ತರಿಂದ ತೊಂಬತ್ತೈದಕ್ಕೆ ಏರಿದಾಗ ಕೆಲಸ ಹೆಚ್ಚಾದದ್ದು ಸ್ವಲ್ಪ, ಕಾಯುವಿಕೆ ಹೆಚ್ಚಾದದ್ದು ನಾಲ್ಕು ಪಟ್ಟಿಗೂ ಮೇಲೆ. ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಸರಕಾರಿ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ನಿಂತ ತಾಯಿ, "ಡಾಕ್ಟರು ಒಂದು ನಿಮಿಷವೂ ಸುಮ್ಮನೆ ಕುಳಿತಿರಲಿಲ್ಲ, ಆದರೂ ಸಾಲು ಕರಗಲಿಲ್ಲ" ಎನ್ನುತ್ತಾಳೆ. ಅವರು ಒಂದು ನಿಮಿಷವೂ ಸುಮ್ಮನೆ ಕುಳಿತಿರಲಿಲ್ಲವಾದ್ದರಿಂದಲೇ ಸಾಲು ಕರಗಲಿಲ್ಲ. ನರ್ಸುಗಳು ಖಾಲಿ ಕುಳಿತಿದ್ದಾರೆ, ಇವರಿಗೆ ಸಂಬಳ ದಂಡ ಎಂದು ದೂರುವವರೂ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ಮುಂದೆ ಬಿಸಿಲಲ್ಲಿ ನಿಂತು, ಕಬ್ಬು ಒಣಗಿ ತೂಕ ಇಳಿಯುವುದರ ಹಿಂದೆಯೂ ಇದೇ ಗಣಿತವಿದೆ.

1961ರಲ್ಲಿ ಪ್ರಭು ಅವರು ಧಾರವಾಡ ಬಿಟ್ಟು ಪಶ್ಚಿಮ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಕ್ಕೆ ಹೋದರು. 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ ಅಲ್ಲಿಯೇ ನೆಲೆಸಿದರು. ಯಾದೃಚ್ಛಿಕ ಪ್ರಕ್ರಿಯೆಗಳ ಬಗ್ಗೆ ಕೆಲಸ ಮಾಡುವ ಜಗತ್ತಿನ ಗಣಿತಜ್ಞರು ಒಂದೆಡೆ ಸೇರುವ ಸಮ್ಮೇಳನಗಳು 1970ರ ದಶಕದಲ್ಲಿ ಆರಂಭವಾಗುವುದಕ್ಕೂ, ಅದೇ ವಿಷಯದ ಪತ್ರಿಕೆ ಹುಟ್ಟುವುದಕ್ಕೂ ದುಡಿದವರಲ್ಲಿ ಅವರು ಮುಖ್ಯರು. 1986ರಲ್ಲಿ ಸರದಿ ಸಾಲುಗಳಿಗೆಂದೇ ಇನ್ನೊಂದು ಪತ್ರಿಕೆ ಹೊರಡಿಸಿದರು. ಧಾರವಾಡದಲ್ಲಿ ಅವರ ಬಳಿ ಕಲಿತ ಯು. ನಾರಾಯಣ ಭಟ್ ಅವರೂ ಅಮೆರಿಕದ ಟೆಕ್ಸಾಸಿನಲ್ಲಿ ಪ್ರಾಧ್ಯಾಪಕರಾಗಿ, ಇದೇ ವಿಷಯದಲ್ಲಿ ಅನೇಕ ದೇಶಗಳ ವಿದ್ಯಾರ್ಥಿಗಳು ಓದುವ ಪುಸ್ತಕಗಳನ್ನು ಬರೆದರು. ಇಷ್ಟಿದ್ದೂ ನಮ್ಮ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಪ್ರಭು ಅವರ ಹೆಸರನ್ನು ನಾನು ಕಂಡಿಲ್ಲ. ಕ್ರಿಕೆಟಿಗರ ಹೆಸರುಗಳಿಗೆ ಮಾತ್ರ ಬರವಿಲ್ಲ.

ಲೆಕ್ಕ ಹೇಳದೇ ಇರುವುದು

ಈ ವಿದ್ಯೆ ಗೈಬ್ ಹೇಳುವುದಿಲ್ಲ. ಮುಂದಿನ ಆಷಾಢದಲ್ಲಿ ಮಲೆನಾಡಿನಲ್ಲಿ ಎಷ್ಟು ಮಳೆ ಸುರಿಯುತ್ತದೆಂದು ಪ್ರಭು ಅವರ ಯಾವ ಸೂತ್ರವೂ ತಿಳಿಸದು. ಹತ್ತು ತಿಂಗಳಿಗೊಂದು ಉಪವಾಸ ಎಂದರೆ ಒಂಬತ್ತು ತಿಂಗಳು ಉಂಡು ಹತ್ತನೆಯದರಲ್ಲಿ ಎಂದಲ್ಲ. ಅದು ಎರಡು ತಿಂಗಳು ಬೆನ್ನುಬೆನ್ನಿಗೂ ಬಂದೀತು, ಎರಡು ವರ್ಷ ಬಾರದೆಯೂ ಇದ್ದೀತು. ಹೋದ ವರ್ಷ ಬರ ಬಂದಿತ್ತು, ಈ ವರ್ಷ ಬರಲಾರದು ಎಂದು ಧೈರ್ಯ ಮಾಡಿ ಸಾಲ ತೆಗೆಯುವವರಿದ್ದಾರೆ. ನಾಣ್ಯಕ್ಕೆ ಹೋದ ಸಲ ಏನು ಬಿದ್ದಿತ್ತೆಂಬ ನೆನಪಿಲ್ಲ.

ಗೇಟಿನ ಚೈನು ತುಂಡಾಗುವಂಥ ಅಪರೂಪದ ಘಟನೆಗಳಿಗೆ ಬೇರೆಯೇ ಗಣಿತ ಬೇಕು. ಚೆನ್ನೈಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಶ್ರೀನಿವಾಸ ವರದನ್ ಅವರಿಗೆ 2007ರಲ್ಲಿ ಗಣಿತದ ಆಬೆಲ್ ಪ್ರಶಸ್ತಿ ಬಂದದ್ದು ಅಪರೂಪದಲ್ಲಿ ಅಪರೂಪದ ಘಟನೆಗಳ ಸಂಭವನೀಯತೆಯನ್ನು ಅಳೆಯುವ ಸಿದ್ಧಾಂತಕ್ಕಾಗಿ. ಸೂತ್ರ ಎಷ್ಟೇ ದೊಡ್ಡದಿರಲಿ, ಚೈನಿಗೆ ಗ್ರೀಸು ಹಚ್ಚುವ ಕೆಲಸವನ್ನಂತೂ ಮನುಷ್ಯನೇ ಮಾಡಬೇಕು.

ಹಾಗಾದರೆ ನಮಗೇನು ಪ್ರಯೋಜನ? ಹೊಸ ಸಾಲಿನ ನೀರಿನ ತೀರ್ಮಾನ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಆಗುತ್ತದೆ. ಹೊರಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನೀರು ಬಿಡುತ್ತಾರೋ ಇಲ್ಲವೋ?" ಇಂದು ಇಷ್ಟು ಟಿಎಂಸಿ ಇದ್ದ ಹಿಂದಿನ ವರ್ಷಗಳಲ್ಲಿ ಎಷ್ಟು ಸಲ ಕಾಲುವೆಯ ಕೊನೆಯ ಗದ್ದೆಯವರೆಗೆ ನೀರು ಮುಟ್ಟಿತು, ಎಷ್ಟು ಸಲ ತೆನೆ ಕಟ್ಟುವ ಹೊತ್ತಿಗೆ ನಿಂತಿತು ಎಂದು ಕೇಳುವವರು ಕಡಿಮೆ. ದೇಶನೂರಿನ ಅಥವಾ ಯಾವುದೇ ಊರಿನ ಮನೆಯಲ್ಲಿ ಪಿಯುಸಿ ಓದುವ ಮಗಳಿದ್ದರೆ, ಕಳೆದ ಇಪ್ಪತ್ತು ವರ್ಷಗಳ ಆ ಪಟ್ಟಿಯನ್ನು ಅವಳಿಂದಲೇ ಮಾಡಿಸಬಹುದು. ಅಜ್ಜ ಅಜ್ಜಿಯರ ನೆನಪು, ಹಳೆಯ ಪತ್ರಿಕೆಗಳು, ಸೊಸೈಟಿಯ ಸಾಲದ ಪುಸ್ತಕ, ಎಲ್ಲವೂ ಅದಕ್ಕೆ ಉಪಯೋಗ. ಅಷ್ಟು ಮಾಡಿದ ಹುಡುಗಿ ಮುಂದೆ ಸಂಖ್ಯಾಶಾಸ್ತ್ರ ಓದುತ್ತೇನೆಂದರೆ ಅದರಲ್ಲಿ ಏನು ಸಿಗುತ್ತದೆ ಎಂದು ಕೇಳಬೇಡಿ. ಪ್ರಭು ಅವರು ಕಟ್ಟಿದ ವಿಭಾಗ ಧಾರವಾಡದಲ್ಲಿದೆ. ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಪ್ರವೇಶ ಪರೀಕ್ಷೆ ಬರೆದು ಗಣಿತದ ಪದವಿಗೆ ಸೇರಬಹುದು. ಬ್ಯಾಂಕು, ಆಸ್ಪತ್ರೆ, ಹವಾಮಾನ ಇಲಾಖೆ, ಔಷಧ ಕಂಪನಿ, ಎಲ್ಲೆಡೆ ಈ ಲೆಕ್ಕ ಬಲ್ಲವರು ಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಡಬ್ಬದ ಆಟ ಆಡಿಸಿ ನೋಡಿ. ಐದು ಹುಣಸೆಬೀಜ ಹಿಡಿಯುವ ಒಂದು ಬಟ್ಟಲು, ಪಕ್ಕದಲ್ಲಿ ಬೀಜದ ರಾಶಿ, ಒಂದು ನಾಣ್ಯ. ಸಿಂಹದ ಮುಖ ಬಿದ್ದರೆ ಬಟ್ಟಲಿಗೆ ಎರಡು ಬೀಜ, ಐದಕ್ಕಿಂತ ಹೆಚ್ಚಾದದ್ದು ಚೆಲ್ಲಿದ ಹಾಗೆ. ಇನ್ನೊಂದು ಮುಖ ಬಿದ್ದರೆ ಏನೂ ಇಲ್ಲ. ಪ್ರತಿ ಸಲವೂ ಒಂದು ಬೀಜ ತಿಂಗಳ ಖರ್ಚಿಗೆ ಹೊರಗೆ. ತೆಗೆಯಲು ಬೀಜವೇ ಇಲ್ಲದಾಗ ಕಾಗದದ ಮೇಲೆ ಒಂದು ಗೆರೆ. ನೂರು ಸಲ ಆಡಿದರೆ ಹತ್ತರ ಆಸುಪಾಸಿನಲ್ಲಿ ಗೆರೆಗಳು ಬರಬೇಕು. ಒಂದು ರಾತ್ರಿ ಐದು ಬಂದೀತು, ಇನ್ನೊಂದು ರಾತ್ರಿ ಹದಿನೇಳು. ಆಮೇಲೆ ಬಟ್ಟಲಿನ ತಳಕ್ಕೆ ಸ್ವಲ್ಪ ಹಿಟ್ಟು ಮೆತ್ತಿ, ನಾಲ್ಕೇ ಬೀಜ ಹಿಡಿಯುವಂತೆ ಮಾಡಿ, ಮತ್ತೆ ಆಡಿಸಿ.